ಗೋಪುರದ ಸೇರು

ಮಧುಗಿರಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ವೆಂಕಟರಾಮಯ್ಯನವರು ಬಿಸಿ ಕಾಫಿ ಕುಡಿದದ್ದನ್ನು ಕಂಡವರು ಯಾರೂ ಇಲ್ಲ. ಮಾಣಿ ಗಾಜಿನ ಲೋಟವನ್ನು ತಂದಿಟ್ಟು ಹೋದ ಮೇಲೆ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಮೇಲಿನ ನೊರೆಯೆಲ್ಲ ಒಡೆದು, ಇಳಿದು, ಕಾಫಿ ತನ್ನ ನಿಜವಾದ ಮಟ್ಟಕ್ಕೆ ಬಂದು ನಿಲ್ಲುವವರೆಗೆ ಲೋಟದ ಮೇಲೆ ಕಣ್ಣು ನೆಟ್ಟು ಕೂತಿರುತ್ತಿದ್ದರು. ಆಮೇಲೆ ಲೋಟದ ಹೊರಮೈಗೆ ಹೆಬ್ಬೆರಳಿನ ಉಗುರು ಒತ್ತಿ, ಆ ಉಗುರನ್ನು ಅಲ್ಲಿಂದ ಕದಲಿಸದೆ, ಗಲ್ಲಾದ ಮೇಲೆ ಕೂತ ಮಾಲೀಕನನ್ನು ಕರೆಯುತ್ತಿದ್ದರು. "ಏನ್ರೀ, ನಾನು ದುಡ್ಡು ಕೊಟ್ಟಿದ್ದು ಕಾಫಿಗೆ. ಗಾಳಿಗಲ್ಲ." ಉಗುರಿನಿಂದ ಮೇಲಿನ ಜಾಗಕ್ಕೆ ಕಾಫಿ ಬಂದು ಬೀಳುವ ಹೊತ್ತಿಗೆ ಕೆಳಗಿನದು ತಣ್ಣಗಾಗಿರುತ್ತಿತ್ತು. ತನ್ನ ಪಾಲಿನದೆಲ್ಲವನ್ನೂ ಪಡೆದೆನೆಂಬ ಸಮಾಧಾನವೂ ಇಲ್ಲದೆ, ಮುಖ ಸಿಂಡರಿಸಿಕೊಂಡೇ ಅವರು ಆ ತಣ್ಣನೆಯ ಕಾಫಿಯನ್ನು ಕುಡಿದು ಎದ್ದುಹೋಗುತ್ತಿದ್ದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ತಕ್ಕಡಿಗಳಿಗೂ ಅಳತೆಪಾತ್ರೆಗಳಿಗೂ ಮುದ್ರೆ ಹಾಕುವ ಇನ್ಸ್‌ಪೆಕ್ಟರು ಅವರೊಬ್ಬರೇ. ಎಪ್ಪತ್ತರ ದಶಕದ ನಡುವೆ ಮಧುಗಿರಿಗೆ ಬಂದವರು ನಿವೃತ್ತರಾಗುವವರೆಗೂ ಅಲ್ಲೇ ಉಳಿದರು; ಬೇರೆ ಕಡೆಗೆ ವರ್ಗ ಮಾಡಿಸಬೇಕೆಂದು ಎಷ್ಟೋ ಮಂದಿ ಮಂಡಿಯವರು ಓಡಾಡಿದ್ದುಂಟು, ಆದರೆ ಇಂಥ ಮನುಷ್ಯನನ್ನು ತಮ್ಮೂರಿಗೆ ಕರೆಸಿಕೊಳ್ಳಲು ಬೇರೆ ಊರಿನವರಿಗೆ ಹುಚ್ಚು ಹಿಡಿದಿರಲಿಲ್ಲ. ಸರ್ಕಾರದ ಹಿತ್ತಾಳೆಯ ತೂಕದ ಬೊಟ್ಟುಗಳಿದ್ದ ಚರ್ಮದ ಚೀಲವನ್ನು ಅವರು ಜವಾನನ ಕೈಗೆ ಕೊಟ್ಟವರಲ್ಲ. ವರ್ಷಗಟ್ಟಲೆ ಅದನ್ನು ಬಲಗೈಯಲ್ಲೇ ಹೊತ್ತು ಬಲಹೆಗಲು ಇಳಿದುಹೋಗಿ, ಖಾಲಿ ಕೈಯಲ್ಲಿ ನಡೆಯುವಾಗಲೂ ಅವರು ಒಂದು ಕಡೆಗೆ ವಾಲಿಕೊಂಡೇ ನಡೆಯುತ್ತಿದ್ದರು. ಕಂದು ಬಣ್ಣದ ಹತ್ತಿ ಕೋಟಿನ ಬಲಜೇಬಿನಲ್ಲಿ ಸದಾ ಒಂದು ಅರ್ಧ ಕಿಲೋ ಬೊಟ್ಟು. ಅದರ ಭಾರಕ್ಕೆ ಜೇಬು ಹರಿದು, ಹೆಂಡತಿ ಜಗದಾಂಬನವರು ಗೋಣಿದಾರದಲ್ಲಿ ಹೊಲಿದು, ಮತ್ತೆ ಹರಿದು, ಕೊನೆಗೆ ಕೋಟೇ ಒಂದು ಬದಿಗೆ ಜೋತುಬಿದ್ದಿತ್ತು. ಆ ಓರೆ ಕೋಟು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಅಂಗಡಿಯ ಒಳಗೆ ಒಂದು ತಕ್ಕಡಿ ಕೆಳಗಿಳಿದು ಇನ್ನೊಂದು ಮೇಲೇರುತ್ತಿತ್ತು.

ಅಳತೆ ಸರಿಯಿರಲಿ, ತಪ್ಪಿರಲಿ, ಅವರ ಬಾಯಿಂದ ಮೊದಲು ಬರುತ್ತಿದ್ದದ್ದು ಒಂದೇ ಮಾತು: "ಎಲ್ಲಿ, ಇನ್ನೊಂದ್ಸಲ." ಶಿರಾದ ಬಟ್ಟೆ ಅಂಗಡಿಯ ಸಾಹೇಬರೊಬ್ಬರು ಥಾನನ್ನು ಎಳೆದೆಳೆದು ಮೀಟರಿಗೆ ಹಿಡಿಯುತ್ತಿದ್ದುದನ್ನು ಕಂಡು ಇವರು ಹೀಗೆಂದಾಗ, ಅವರು ನಗುನಗುತ್ತ, "ಕಪಡಾ ಎಳೀಲೇಬೇಕು ಸಾಬ್, ಸುಕ್ಕು ಹೋಗ್ಬೇಕಲ್ಲ" ಎಂದರಂತೆ. "ಎಲ್ಲಿ, ಇನ್ನೊಂದ್ಸಲ. ಸುಕ್ಕು ಹಾಗೇ ಇರ್ಲಿ" ಎಂದು ವೆಂಕಟರಾಮಯ್ಯನವರು ಆ ಥಾನನ್ನೆಲ್ಲ ಬಿಚ್ಚಿಸಿ, ತಾವೇ ನೆಲದ ಮೇಲೆ ಮಂಡಿಯೂರಿ, ಒಂದು ಸುಕ್ಕಿಗೂ ನೋವಾಗದಂತೆ ಅಳೆದರು. ಸಾಹೇಬರ ನಗು ಅಲ್ಲಿಗೆ ನಿಂತಿತು.

ಮನೆಯವರಿಗೆ ಇದರಿಂದ ಸುಖವೇನೂ ಇರಲಿಲ್ಲ. ಇನ್ಸ್‌ಪೆಕ್ಟರ ಹೆಂಡತಿಯೆಂದು ಹೆದರಿ ಅಂಗಡಿಯವರು ಜಗದಾಂಬನವರಿಗೆ ಬೇಳೆಯನ್ನೂ ಬೆಲ್ಲವನ್ನೂ ಒಂದು ಹಿಡಿ ಹೆಚ್ಚಿಗೇ ಹಾಕಿ ಕಳಿಸುತ್ತಿದ್ದರು. ವೆಂಕಟರಾಮಯ್ಯನವರು ಪೊಟ್ಟಣವನ್ನು ಮನೆಯ ತಕ್ಕಡಿಗೆ ಹಾಕಿ ನೋಡಿ, ಆ ಹೆಚ್ಚಿನ ಹಿಡಿಯನ್ನು ಬೇರೆ ಕಾಗದದಲ್ಲಿ ಕಟ್ಟಿ ಹೆಂಡತಿಯ ಕೈಗೇ ಕೊಟ್ಟು ವಾಪಸು ಕಳಿಸುತ್ತಿದ್ದರು. ಉರಿಬಿಸಿಲಲ್ಲಿ ಒಂದು ಹಿಡಿ ತೊಗರಿಬೇಳೆ ಹಿಡಿದುಕೊಂಡು ಪೇಟೆಗೆ ಹೋಗುವ ಆ ತಾಯಿಯನ್ನು ಕಂಡು ಜನ ನಗುತ್ತಿದ್ದರು. "ಹೆಚ್ಚು ಕೊಟ್ರೆ ನಿಮಗೇನು ನಷ್ಟ?" ಎಂದು ಆಕೆ ಒಮ್ಮೆ ಕೇಳಿದಾಗ, "ಹೆಚ್ಚು ಕೊಡೋ ಕೈ ಕಮ್ಮೀನೂ ಕೊಡುತ್ತೆ. ಇಲ್ಲಿ ಹಾಕಿದ್ದನ್ನ ಇನ್ನೆಲ್ಲೋ ಕಿತ್ತಿರ್ತಾನೆ" ಎಂದು ಸಿಡುಕಿದರಂತೆ. ಅವರ ಸಿಟ್ಟಿಗೆ ಮನೆ, ಬೀದಿ ಎಂಬ ಭೇದವಿರಲಿಲ್ಲ.

ಆದರೆ ಆ ಸಿಟ್ಟಿನ ಬೇರು ಇದ್ದದ್ದು ಪಾವಗಡದಲ್ಲಿ. ಅಲ್ಲಿನ ಒಬ್ಬ ವ್ಯಾಪಾರಿ ಹಳ್ಳಿಯ ಹೆಂಗಸರಿಂದ ಹುರುಳಿಯನ್ನು ಪಾತ್ರೆಯಲ್ಲಿ ಅಳೆದು ಕೊಳ್ಳುತ್ತಿದ್ದ. ಸರ್ಕಾರದ ಲೆಕ್ಕದಲ್ಲಿ ಆ ಪಾತ್ರೆ ಲೀಟರು, ಜನರ ಬಾಯಲ್ಲಿ ಇನ್ನೂ ಸೇರು. ವೆಂಕಟರಾಮಯ್ಯನವರು ಆ ಪಾತ್ರೆಯನ್ನು ಕಿತ್ತುಕೊಂಡು ನೋಡಿದರೆ ತಳ ಸರಿ, ಅಂಚು ಸರಿ, ಪಕ್ಕದಲ್ಲಿ ತಾವೇ ಹೊಡೆದ ಮುದ್ರೆ ನಿಗಿನಿಗಿ ಹೊಳೆಯುತ್ತಿದೆ. ವ್ಯಾಪಾರಿ ಮಾಡುತ್ತಿದ್ದುದಿಷ್ಟೆ: ಕೊಳ್ಳುವಾಗ ಕಾಳು ಅಂಚಿನ ಮೇಲೆ ಏರಿ, ತುದಿ ಚೂಪಾಗಿ, ಇನ್ನೊಂದು ಕಾಳು ಹಾಕಿದರೆ ಉರುಳುವಷ್ಟು ಗೋಪುರ ಕಟ್ಟಿ ಒಂದು ಸೇರೆನ್ನುತ್ತಿದ್ದ; ಮಾರುವಾಗ ಅದೇ ಪಾತ್ರೆಯ ಬಾಯಿಯ ಮೇಲೆ ಮರದ ಪಟ್ಟಿ ಎಳೆದು, ಮಟ್ಟ ಮಾಡಿ, ಅದನ್ನೂ ಒಂದು ಸೇರೆನ್ನುತ್ತಿದ್ದ. ಹುರುಳಿ ತಂದಿದ್ದ ಮುದುಕಿ ಇನ್ಸ್‌ಪೆಕ್ಟರ ಮುಖವನ್ನೇ ನೋಡಿ, "ಮೀ ಮುದ್ರ ಬಾಗಾನೇ ಉಂದಿ ಸಾಮಿ, ಚೆನ್ನಾಗೇ ಐತೆ. ಮುದ್ರೆ ಇರೋ ಸೇರೇ ನಮ್ಮನ್ನ ತಿಂತಿರೋದು" ಎಂದಳು.

ವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡಲು ಅವರು ಸಿದ್ಧರಿದ್ದರು. ಆದರೆ ಅಳೆದ ಕೈ ಹೇಗೆ ಅಳೆಯಿತೆಂದು ಹೇಳಲು ಸಾಕ್ಷಿ ಬೇಕು. ಹೇಳಿಕೆಗೆ ಹೆಬ್ಬೆಟ್ಟು ಒತ್ತು ಎಂದರೆ ಮುದುಕಿ ಚೀಲ ಕೊಡವಿಕೊಂಡು ಹೊರಟಳು. ನಾಳೆ ಅವಳ ಹುರುಳಿ ಕೊಳ್ಳುವವರು ಯಾರು? ಅಲ್ಲಿಂದಾಚೆಗೆ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಹೋದರೂ ಅವರಿಗೆ ಗೋಪುರ ಕಾಣುತ್ತಿತ್ತು, ಹೇಳಿಕೆ ಕೊಡುವ ಒಂದು ಬಾಯಿ ಸಿಗುತ್ತಿರಲಿಲ್ಲ. ತಮ್ಮ ಮುದ್ರೆಯೇ ಕಳ್ಳನಿಗೆ ಕಾವಲು ನಿಂತಿದೆ ಎಂಬುದು ಅವರನ್ನು ಹಗಲೂ ರಾತ್ರಿ ಸುಡುತ್ತಿತ್ತು.

ಹೀಗಿರುವಾಗ ಎಂಬತ್ತೆಂಟನೆಯ ಇಸವಿಯಲ್ಲಿ ಮಧುಗಿರಿಯ ಎಣ್ಣೆಬೀಜ ಒಕ್ಕೂಟಕ್ಕೆ ಅನುದಾನದ ಹಣದಲ್ಲಿ ಒಂದು ಕಂಪ್ಯೂಟರು ಬಂತು. ಅದಕ್ಕೊಂದು ಕೋಣೆ, ಕೋಣೆಗೊಂದು ಫ್ಯಾನು, ಯಂತ್ರದ ಹಣೆಗೆ ಕುಂಕುಮ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಅದನ್ನು ನಡೆಸಲು ದಿನಗೂಲಿಯ ಮೇಲೆ ಇದ್ದವಳು ಹೊನ್ನಕ್ಕ, ಶಿರಾ ಕಡೆಯ ತಾವರೆಕೆರೆ ಹೋಬಳಿಯ ಒಂದು ಗೊಲ್ಲರಹಟ್ಟಿಯ ಹುಡುಗಿ. ಅವಳ ತಂದೆ ಯತ್ತಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳಾನುಗಟ್ಟಲೆ ಬರುತ್ತಿರಲಿಲ್ಲ. ತಾಯಿ ಕೊಲ್ಲಾಪುರಮ್ಮ ಹೊಂಗೆಮರದಡಿ ಬೀಜ ಆಯ್ದು, ಅದೇ ಒಕ್ಕೂಟದ ಅಂಗಳಕ್ಕೆ ತಂದು ಮಾರುತ್ತಿದ್ದಳು. ತುಮಕೂರಿನಲ್ಲಿ ಟೈಪಿಂಗೂ ಕಂಪ್ಯೂಟರೂ ಕಲಿತು ಬಂದ ಹೊನ್ನಕ್ಕನಿಗೆ ಆ ಕೆಲಸ ಹೋದರೆ ಮುಂದಿನ ದಾರಿ ಒಂದೇ: ಹಟ್ಟಿಗೆ ವಾಪಸು ಹೋಗಿ, ಅವರು ತೋರಿಸಿದವನನ್ನು ಮದುವೆಯಾಗುವುದು.

ಒಕ್ಕೂಟದ ಕಾರ್ಯದರ್ಶಿ ಜಯರಾಮಯ್ಯನಿಗೆ ಆ ಕುರ್ಚಿಯ ಮೇಲೆ ತನ್ನ ಅಕ್ಕನ ಮಗನನ್ನು ಕೂರಿಸಬೇಕಿತ್ತು. ವರ್ಷಾಂತ್ಯದಲ್ಲಿ ಮೇಜು ಕುರ್ಚಿಗಳನ್ನು ಎಣಿಸುವ ದಾಸ್ತಾನು ತಪಾಸಣೆ ನಡೆದಾಗ ಅವನಿಗೆ ಒಳ್ಳೆಯ ನೆಪವೇ ಸಿಕ್ಕಿತು. ಯಂತ್ರದೊಳಗೆ ಬರೆದದ್ದನ್ನೆಲ್ಲ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ಎಂಬ ಒಂದು ಭಾಗವುಂಟು. ಅದು ಬಂದ ಡಬ್ಬದ ಮೇಲೆ ಇಪ್ಪತ್ತು ಮೆಗಾಬೈಟ್ ಎಂದು ಅಚ್ಚಾಗಿತ್ತು. ಪರದೆಯ ಮೇಲೆ ನೋಡಿದರೆ ಹತ್ತೊಂಬತ್ತು ಚಿಲ್ಲರೆ. ಕೋಣೆಯ ಬೀಗದಕೈ ಇದ್ದದ್ದು ಹೊನ್ನಕ್ಕನ ಬಳಿ. ಒಳ್ಳೆಯ ಸಾಮಾನು ತೆಗೆದು ಕಡಿಮೆಯದನ್ನು ಹಾಕಿದ್ದಾಳೆ ಎಂದು ಜಯರಾಮಯ್ಯ ಸಾರಿಬಿಟ್ಟ. ಆಕೆ ಏನು ಹೇಳಲು ಹೋದರೂ, "ಸುಮ್ಕಿರಮ್ಮ, ಬರ್ದಿರೋದು ಕಣ್ಣಿಗ್ ಕಾಣ್ತದೆ" ಎಂದು ಬಾಯಿ ಮುಚ್ಚಿಸಿದ. ಅದೇ ವಾರ ಅಂಗಳದ ಅಳತೆಗಳಿಗೆ ವಾರ್ಷಿಕ ಮುದ್ರೆ ಹಾಕಲು ವೆಂಕಟರಾಮಯ್ಯನವರು ಬಂದಾಗ, "ಇನ್ಸ್‌ಪೆಕ್ಟ್ರೇ, ಅಳತೆ ಕಮ್ಮಿ ಐತೆ ಅಂತ ನೀವೊಂದು ಮಾತು ಬರ್ಕೊಡಿ. ಅಷ್ಟು ಸಾಕು" ಎಂದು ಅವರನ್ನು ಕೋಣೆಗೆ ಕರೆದುಕೊಂಡು ಹೋದ.

ಅಳತೆ ಕಡಿಮೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇನ್ಸ್‌ಪೆಕ್ಟರ ಮೈಯಲ್ಲಿ ಬೆಂಕಿ ಹೊಕ್ಕಿತು. ಕಂಪ್ಯೂಟರೆಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಅವರಿಗೆ ಅನಿಸಲೂ ಇಲ್ಲ. ಅವರ ಅನುಭವದಲ್ಲಿ ಪಾತ್ರೆಯೊಂದು ಕಡಿಮೆ ಹಿಡಿದರೆ ಅದಕ್ಕೆ ಸುಳ್ಳು ತಳ ಬೆಸೆದಿರುತ್ತಾರೆ. ಕೋಟಿನಿಂದ ತಿರುಪುಳಿ ತೆಗೆದು, ಯಂತ್ರದ ಬೆನ್ನು ತಿರುಗಿಸಿ, "ಬಿಚ್ಚಿ ತಳ ನೋಡ್ಬೇಕು" ಎಂದರು. ಬಿಚ್ಚಲು ಹೋದವರ ಕೈ ಅಲ್ಲೇ ನಿಂತಿತು. ತಿರುಪುಗಳ ಮೇಲೆ ಕಂಪನಿಯವರು ಅಂಟಿಸಿ ಸಹಿ ಮಾಡಿದ್ದ ಕಾಗದದ ಮುದ್ರೆಯಿತ್ತು, ಅಂಚೂ ಕಿತ್ತಿರಲಿಲ್ಲ. ಬದುಕೆಲ್ಲ ಮುದ್ರೆ ಹಾಕಿದವರು ಇನ್ನೊಬ್ಬರ ಮುದ್ರೆ ಒಡೆಯಲಾರರು.

"ಜಯರಾಮಯ್ಯನೋರೇ, ಇದನ್ನ ಯಾರೂ ಬಿಚ್ಚಿಲ್ಲ. ಕದ್ದಿದ್ದಾಳೆ ಅಂದ್ರಲ್ಲ, ಗೋಡೆ ಒಡೀದೆ ಮನೆಯೊಳಗಿನ ಕಂಬ ಕದಿಯೋಕಾಗುತ್ತಾ?" ಎಂದು ಕೆರಳಿದರು. ಆಮೇಲೆ, ಅಷ್ಟೂ ಹೊತ್ತು ಗೋಡೆಗೆ ಒರಗಿ ನಿಂತಿದ್ದ ಹುಡುಗಿಯ ಕಡೆಗೆ ತಿರುಗಿ, "ನೀನು ಹೇಳಮ್ಮ, ಎಲ್ಲಿ ಹೋಯ್ತು ಆ ಒಂದು?" ಎಂದರು.

"ಎಲ್ಲೂ ಹೋಗಿಲ್ಲ ಸಾ," ಎಂದಳು ಹೊನ್ನಕ್ಕ. "ಒಂದೊಂದು ಅಕ್ಷರಕ್ಕೆ ಒಂದೊಂದು ಬೈಟು ಜಾಗ. ಕಂಪ್ನಿಯೋರು ಸಾವಿರ ಬೈಟಿಗೊಂದು ಕಿಲೋ ಅಂತಾರೆ, ಅಂಥ ಸಾವಿರ ಕಿಲೋಗೊಂದು ಮೆಗಾ. ಮಿಷನ್ಗೆ ಹತ್ತು, ನೂರು ಅನ್ನೋ ಲೆಕ್ಕ ಬರಕಿಲ್ಲ. ಎರಡು, ನಾಕು, ಎಂಟು, ಹದಿನಾರು ಅಂತ ಇಮ್ಮಡಿ ಮಾಡ್ಕೊಂಡೇ ಹೋಯ್ತದೆ. ಇಂಗೆ ಹೋಗಿ ಸಾವಿರದ್ ಹತ್ರ ಅದು ನಿಲ್ಲೋದು ಸಾವಿರದ ಇಪ್ಪತ್ನಾಕ್ರಾಗೆ. ಅದ್ಕೆ ಅದೇ ಸಾವಿರ. ಹಂಗಂತ ಪಾಠದಾಗೆ ಹೇಳ್ಕೊಟ್ಟವ್ರೆ. ಯಾಕಂತ ನಂಗೂ ಸರಿಯಾಗಿ ತಿಳೀದು."

"ಎಲ್ಲಿ, ಇನ್ನೊಂದ್ಸಲ."

ಅವಳು ಇನ್ನೊಂದು ಸಲ ಹೇಳಿದಳು. ವೆಂಕಟರಾಮಯ್ಯನವರ ಮುಖ ಮೊದಲು ಕಪ್ಪಿಟ್ಟಿತು, ಆಮೇಲೆ ಕೆಂಪಾಯಿತು. ಯಂತ್ರ ಅವರಿಗೆ ಅರ್ಥವಾಗದಿದ್ದರೂ ಈ ಮಾತು ಅರ್ಥವಾಗಿತ್ತು. ಪಾವಗಡದ ಅಂಗಡಿಯಲ್ಲಿ ಅವರು ಇದನ್ನು ಕಣ್ಣಾರೆ ಕಂಡಿದ್ದರು. ಅಳೆದು ಡಬ್ಬದ ಮೇಲೆ ಬರೆದವನು ಪಟ್ಟಿ ಎಳೆದು ಮಟ್ಟ ಮಾಡಿದ ಸೇರಿನಲ್ಲಿ ಅಳೆದ. ಯಂತ್ರ ಗೋಪುರದ ಸೇರಿನಲ್ಲಿ ಅಳೆಯುತ್ತಿದೆ. ಸಾವಿರದ ಮೇಲೆ ಇಪ್ಪತ್ತನಾಲ್ಕರ ಗೋಪುರ, ಅಂಥ ಸಾವಿರಗಳ ಮೇಲೆ ಮತ್ತೊಂದು ಗೋಪುರ. ಒಳಗಿನ ಕಾಳು ಒಂದೂ ಚೆಲ್ಲಿಲ್ಲ, ಆದರೂ ಇಪ್ಪತ್ತು ಸೇರು ಹತ್ತೊಂಬತ್ತಾಗಿದೆ. "ಮಿಷನ್ನು ಹೆಂಗೆ ಅಳೆಯುತ್ತೆ ಅಂತ ಕಂಪ್ನಿಯೋನಿಗೆ ಗೊತ್ತಿಲ್ವಾ?" ಎಂದು ಕೇಳಿದರು. ಗೊತ್ತು ಎಂದಳು ಹೊನ್ನಕ್ಕ. "ಗೊತ್ತಿದ್ದೂ ಯಾವ ಸೇರು ಅಂತ ಡಬ್ಬದ ಮೇಲೆ ಹೇಳ್ಳಿಲ್ಲ. ಬರೀ ಇಪ್ಪತ್ತು ಅಂದ. ಕಳ್ಳತನಕ್ಕೆ ಕನ್ನ ಕೊರೀಲೇಬೇಕು ಅಂತಿಲ್ಲ ನೋಡು" ಎಂದು ಹಲ್ಲು ಕಡಿದರು.

ಜಯರಾಮಯ್ಯ ಅಷ್ಟಕ್ಕೇ ಸುಮ್ಮನಾಗಿದ್ದರೆ ಅವನಿಗೇ ಒಳ್ಳೆಯದಿತ್ತು. ಇಪ್ಪತ್ತಕ್ಕೆ ಒಂದರಂತೆ ಬಡ ಒಕ್ಕೂಟದ ಹೊಟ್ಟೆಗೆ ಹೊಡೆದಿದ್ದಾರೆ, ರೈತರ ದುಡ್ಡು ತಿಂದಿದ್ದಾರೆ ಎಂದು ಅವನು ಕೂಗಾಡತೊಡಗಿದ. ವೆಂಕಟರಾಮಯ್ಯನವರು ಓರೆ ಹೆಗಲನ್ನು ಇನ್ನಷ್ಟು ಓರೆ ಮಾಡಿಕೊಂಡು, ಬೀಜ ಕೊಳ್ಳುವ ಅಂಗಳಕ್ಕೆ ನೇರವಾಗಿ ನಡೆದರು. ಹಿಂದೆಯೇ ಜಯರಾಮಯ್ಯ, ಅವನ ಹಿಂದೆ ಹೊನ್ನಕ್ಕ.

ಅಂಗಳದಲ್ಲಿ ಹೆಂಗಸರು ಚೀಲ ಬಿಚ್ಚಿಕೊಂಡು ಕೂತಿದ್ದರು. ವೆಂಕಟರಾಮಯ್ಯನವರು ತಮ್ಮ ಕೈಯಾರೆ ಮುದ್ರೆಯ ಸೇರಿಗೆ ಹೊಂಗೆಬೀಜ ತುಂಬಿ, ಪಟ್ಟಿ ಎಳೆದು, ಇಪ್ಪತ್ತು ಸೇರನ್ನು ಎಲ್ಲರೆದುರು ನೆಲಕ್ಕೆ ಸುರಿದರು. ಆಮೇಲೆ ಅಳೆಯುವ ಆಳಿಗೆ, "ದಿನಾ ಈ ಹೆಂಗಸರ ಹತ್ರ ಕೊಳ್ಳೋವಾಗ ಹೆಂಗೆ ಅಳೀತೀಯೋ ಹಂಗೇ ಅಳಿ" ಎಂದರು. ಆಳು ಕಾರ್ಯದರ್ಶಿಯ ಮುಖ ನೋಡಿದ. ಅವನ ಕೈಗೆ ಬೇರೆ ರೀತಿಯ ಅಳತೆ ಅಭ್ಯಾಸವಿರಲಿಲ್ಲ. ಬೀಜ ತಾನಾಗಿ ಅಂಚಿನ ಮೇಲೇರಿ ಗೋಪುರವಾಯಿತು. ರಾಶಿ ಮುಗಿಯುವ ಹೊತ್ತಿಗೆ ಲೆಕ್ಕ ಹದಿನೇಳಕ್ಕೆ ನಿಂತಿತ್ತು.

"ಆ ಕಂಪ್ನಿಯೋನು ನಿಮ್ಗೆ ಹೊಡ್ದಿದ್ದು ಇಪ್ಪತ್ತಕ್ಕೆ ಒಂದು. ಇವ್ರಿಗೆ ನೀವು ಹೊಡೀತಿರೋದು ಇಪ್ಪತ್ತಕ್ಕೆ ಮೂರು," ಎಂದರು ವೆಂಕಟರಾಮಯ್ಯ. "ಈಗ ಹೇಳ್ರಿ, ಯಾರ ಮೇಲೆ ಬರೀಲಿ?"

"ಅದು ಮಾಮೂಲು ಕಣ್ರೀ," ಎಂದ ಜಯರಾಮಯ್ಯ. "ತಾತನ ಕಾಲ್ದಿಂದ ಬಂದಿರೋದು. ಯಾರೂ ಕೇಳಿಲ್ಲ." ಆಮೇಲೆ ಅವರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಹುಡ್ಗಿ ಮ್ಯಾಲಿನ ಮಾತು ಇಲ್ಲಿಗೇ ಬುಟ್ಬುಡ್ತೀನಿ. ಕೆಲ್ಸ ಕಾಯಂ ಮಾಡ್ಸೋಣ ಬೇಕಾರೆ. ನೀವು ಈ ಗೋಪುರದ್ ಮಾತು ಬುಟ್ಬುಡಿ. ಇಬ್ರಿಗೂ ಒಳ್ಳೇದು."

ಹತ್ತು ವರ್ಷ ಸಾಕ್ಷಿ ಸಿಗದಿದ್ದ ಗೋಪುರ ಈಗ ಎಲ್ಲರ ಕಣ್ಣೆದುರಿಗಿದೆ. ಅದನ್ನು ಕೆಡವಿದರೆ ಬೀಳುವುದು ಈ ಹುಡುಗಿಯ ತಲೆಯ ಮೇಲೆ. ವೆಂಕಟರಾಮಯ್ಯನವರು ಅರ್ಧ ಕಿಲೋ ಬೊಟ್ಟನ್ನು ಜೇಬಿನೊಳಗೇ ಹಿಡಿದು ನಿಂತರು. ಒಪ್ಪಿಬಿಡುತ್ತಿದ್ದರೋ ಏನೋ, ಯಾರು ಬಲ್ಲರು; ಸಿಟ್ಟಿನ ಮನುಷ್ಯರಿಗೂ ಕರುಳು ಎಂಬುದಿರುತ್ತದೆ.

ಹೊನ್ನಕ್ಕನಿಗೆ ಮಾತು ಕೇಳಿಸಿತ್ತು. ಅವಳು ನೆಲದ ಮೇಲಿನ ಬೀಜದ ಕಡೆ ನೋಡುತ್ತ, "ಸಾ, ನಮ್ಮವ್ವ ನಾನ್ ಹುಟ್ಟೋಕ್ ಮುಂಚಿಂದ ಇಲ್ಲಿ ಅಳ್ಸವ್ಳೆ," ಎಂದಳು. "ನಂಗೆ ಕೆಲ್ಸ ಕೊಡಕ್ಕೆ ಅವ್ಳ ಬೀಜ ತಿನ್ನೋದ್ ಬ್ಯಾಡ. ಹೇಳಿಕೆ ನಾನ್ ಕೊಡ್ತೀನಿ. ಬರ್ಕಳಿ."

"ಲೇ ಹುಡ್ಗಿ, ನಾಳೆಯಿಂದ ಈ ಕಡೆ ತಲೆ ಹಾಕ್ಬ್ಯಾಡ," ಎಂದ ಜಯರಾಮಯ್ಯ.

"ಆಯ್ತು," ಎಂದಳು. ಅಷ್ಟೆ.

ವೆಂಕಟರಾಮಯ್ಯನವರು ಬರೆದುಕೊಂಡರು. ನ್ಯಾಯಾಲಯ ಒಕ್ಕೂಟಕ್ಕೆ ಹಾಕಿದ ದಂಡ ಬಾಯಿಬಿಟ್ಟು ಹೇಳುವಂಥದ್ದೇನಲ್ಲ. ಆದರೆ ಆ ಅಂಗಳದಲ್ಲಿ ಗೋಪುರ ನಿಂತುಹೋಯಿತು. ದಿನಗೂಲಿಯವಳನ್ನು ತೆಗೆಯಲು ಆದೇಶವೂ ಬೇಕಿರಲಿಲ್ಲ. ಅಕ್ಕನ ಮಗ ಕುರ್ಚಿಯ ಮೇಲೆ ಕೂತ, ಯಂತ್ರದ ಮೇಲೆ ಬಟ್ಟೆ ಹೊದಿಸಿದ, ಮತ್ತೆ ಆ ಬಟ್ಟೆ ತೆಗೆದದ್ದು ಕಡಿಮೆ. ವೆಂಕಟರಾಮಯ್ಯನವರು ಹುಡುಗಿಗೆ ಕೆಲಸ ಕೊಡಿಸಲು ತುಮಕೂರಿನವರೆಗೂ ಅಲೆದರು. ಊರೆಲ್ಲ ಅವರ ಮೇಲೆ ಹಲ್ಲು ಮಸೆಯುತ್ತಿದ್ದ ಕಾಲವದು, ಅವರ ಶಿಫಾರಸು ಯಾರಿಗೆ ಬೇಕಿತ್ತು? ಕಂಪನಿಗೂ ಒಂದರ ಮೇಲೊಂದು ಕಾಗದ ಬರೆದರು. ಉತ್ತರ ಬರಲಿಲ್ಲ. ಬರುತ್ತದೆಂದು ನಂಬಿದ್ದವರು ಅವರೊಬ್ಬರೇ. ಅಷ್ಟರಲ್ಲಿ ಹೊನ್ನಕ್ಕನನ್ನು ನಿಡುಗಲ್ ಕಡೆಗೆ ಮದುವೆ ಮಾಡಿ ಕೊಟ್ಟರೆಂದು ಸುದ್ದಿ ಬಂತು.

ಮರುವರ್ಷ ಹೊಂಗೆಬೀಜದ ಕಾಲಕ್ಕೆ ಅವರು ಮತ್ತೆ ಆ ಅಂಗಳಕ್ಕೆ ಹೋದಾಗ, ಕೊಲ್ಲಾಪುರಮ್ಮ ಬೀಜ ಅಳೆಸುತ್ತಿದ್ದಳು. ಆಳು ಸೇರು ತುಂಬಿದ, ಪಟ್ಟಿ ಎಳೆದ. ಅಂಚಿನ ಮೇಲಿದ್ದ ಬೀಜ ಜಾರಿ ಅವಳ ಕಡೆಗೇ ಬಿತ್ತು. ಪ್ರತಿ ಸೇರಿಗೂ ಹಾಗೆ ಬಿದ್ದದ್ದನ್ನು ಆಕೆ ಸೆರಗಿಗೆ ಬಾಚಿಕೊಂಡು, ಎಲ್ಲ ಮುಗಿದ ಮೇಲೆ ಎದ್ದು ಬಂದು, ಅವರೆದುರು ಸೆರಗು ಬಿಚ್ಚಿ ತೋರಿಸಿದಳು.

"ನೋಡಿ ಸಾಮಿ," ಎಂದಳು. "ಇದು ನನ್ ಮಗಳ ಕೆಲ್ಸ."

ಅದು ಹರಕೆಯೋ ಶಾಪವೋ ಅವರಿಗೆ ತಿಳಿಯಲಿಲ್ಲ, ನನಗೂ ತಿಳಿಯುವುದಿಲ್ಲ. ಎಂಥ ಅಳತೆಯ ಮುಂದೂ ಇನ್ನೊಂದು ಸಲ ಎನ್ನುತ್ತಿದ್ದ ಮನುಷ್ಯ ಅಂದು ಏನೂ ಹೇಳಲಿಲ್ಲ. ಹೋಟೆಲಿಗೆ ಬಂದು ಕೂತರು, ಮಾಣಿ ಕಾಫಿ ತಂದಿಟ್ಟ. ನೊರೆ ಇಳಿಯಿತು, ಲೋಟ ಅರ್ಧಕ್ಕೆ ಬಂತು, ಮಾಲೀಕ ಗಲ್ಲಾದಿಂದ ಕತ್ತೆತ್ತಿ ಕಾದ. ಉಗುರು ಒತ್ತದೆ, ಯಾರನ್ನೂ ಕರೆಯದೆ, ಇದ್ದಷ್ಟನ್ನು ಕುಡಿದು ಅವರು ಎದ್ದುಹೋದರು.

ಇಂಥವರನ್ನು ನಾವು ಬದುಕಿರುವಾಗ ಜಗಳಗಂಟರೆಂದು ಕರೆಯುತ್ತೇವೆ, ಹೋದಮೇಲೆ ಪ್ರಾಮಾಣಿಕರೆಂದು ಹೊಗಳುತ್ತೇವೆ. ಎರಡೂ ಮಾತಿನಲ್ಲಿ ನಮಗೆ ಖರ್ಚಿಲ್ಲ. ನ್ಯಾಯದ ಬೆಲೆ ಎಷ್ಟೆಂದು ಗೊತ್ತಿಲ್ಲದೆ ಅವರು ಅದಕ್ಕಾಗಿ ಕಾದಾಡುತ್ತಾರೆ, ಗೆದ್ದ ದಿನ ಆ ಬೆಲೆಯನ್ನು ಕೊಡುವವರು ಯಾರೋ ಹಟ್ಟಿಯ ಹೆಣ್ಣುಮಕ್ಕಳು. ಆಮೇಲೆ ಈ ಜಗಳಗಂಟರ ಸಿಟ್ಟಿಗೆ ಬೇರೆಲ್ಲೂ ಜಾಗ ಸಿಗದೆ ಅದು ಅವರೊಳಗೇ ಉಳಿದು ಅವರನ್ನು ತಿನ್ನುತ್ತದೆ. ಗೋಪುರ ಕಟ್ಟಿ ಕೊಂಡವರಿಗೂ, ಮಟ್ಟ ಮಾಡಿ ಮಾರಿದವರಿಗೂ ರಾತ್ರಿ ಚೆನ್ನಾಗಿಯೇ ನಿದ್ದೆ ಬರುತ್ತದೆ.